ಶರಾವತಿಯ ಅಳಿವೆಯನ್ನು ಹಿನ್ನೀರೆಂದು ಕರೆಯಬೇಡಿ: ಹೊನ್ನಾವರದ ಹೊಳೆಯ ಕುರಿತು ಒಂದು ಬಹಿರಂಗ ಪತ್ರ

ಉತ್ತರ ಕನ್ನಡ ಜಿಲ್ಲೆಯ ಆಡಳಿತ ಹಾಗೂ ಪ್ರವಾಸೋದ್ಯಮದ ಹೊಣೆ ಹೊತ್ತಿರುವ ಮಾನ್ಯರಿಗೆ, ಹೊನ್ನಾವರದ ದೋಣಿಯವರಿಗೆ ಮತ್ತು ಆ ಹೊಳೆಯನ್ನು ನೋಡಲು ಬರುವ ಎಲ್ಲರಿಗೆ,

ಮಾನ್ಯರೇ,

ನಾನು ಸಾಗರ ತಾಲ್ಲೂಕಿನವನು. ಪ್ರೌಢಶಾಲೆಯಲ್ಲಿ ಬಹುಕಾಲ ಇತಿಹಾಸ ಪಾಠ ಮಾಡಿ ನಿವೃತ್ತನಾಗಿದ್ದೇನೆ. ಶರಾವತಿ ನಮಗೂ ಹೊನ್ನಾವರದವರಿಗೂ ಒಂದೇ ಹೊಳೆ. ಘಟ್ಟದ ಮೇಲೆ ನಾವಿದ್ದೇವೆ, ಕೆಳಗೆ ಅವರಿದ್ದಾರೆ, ನಡುವೆ ಜೋಗದಲ್ಲಿ ಅದು 253 ಮೀಟರ್ ಧುಮುಕುತ್ತದೆ. ನನ್ನ ತಾಯಿಯ ತವರುಮನೆ ಇದ್ದ ಊರು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನೀರಿನಡಿ ಸೇರಿತು. ನಮ್ಮ ಕಡೆ ಅದಕ್ಕೆ ‘ಮುಳುಗಡೆ’ ಎನ್ನುತ್ತಾರೆ, ಆ ನೀರಿಗೆ ‘ಹಿನ್ನೀರು’ ಎನ್ನುತ್ತಾರೆ. ಕಳೆದ ಚಳಿಗಾಲದಲ್ಲಿ ಮಗಳು, ಅಳಿಯ ಮತ್ತು ಏಳು ವರ್ಷದ ಮೊಮ್ಮಗಳೊಂದಿಗೆ ಹೊನ್ನಾವರಕ್ಕೆ ಹೋಗಿ ಎರಡು ದಿನ ಇದ್ದು ಬಂದೆ. ಹೆದ್ದಾರಿಯ ಪಕ್ಕದಲ್ಲಿ ‘ಶರಾವತಿ ಹಿನ್ನೀರು ದೋಣಿ ವಿಹಾರ’ ಎಂಬ ಫಲಕ ಕಂಡಾಗ ಮನಸ್ಸಿಗೆ ಒಂದು ಕ್ಷಣ ಕಸಿವಿಸಿಯಾಯಿತು. ಆ ಕಸಿವಿಸಿಯೇ ಈ ಪತ್ರಕ್ಕೆ ಕಾರಣ.

ಹೊನ್ನಾವರದಲ್ಲಿ ಇರುವುದು ಹಿನ್ನೀರಲ್ಲ, ಅಳಿವೆ; ಅಂದರೆ ಹೊಳೆ ಕಡಲನ್ನು ಸೇರುವ ಜಾಗ. ಹಿನ್ನೀರು ಎಂದರೆ ಕಟ್ಟೆ ಕಟ್ಟಿ ತಡೆದಾಗ ಹಿಂದಕ್ಕೆ ಸರಿದು ನಿಂತ ನೀರು. ಅಳಿವೆಯಲ್ಲಿ ನೀರನ್ನು ಯಾರೂ ತಡೆದಿಲ್ಲ. ದಿನಕ್ಕೆರಡು ಸಲ ಸಮುದ್ರ ಒಳಗೆ ಬರುತ್ತದೆ, ಎರಡು ಸಲ ಹೊಳೆ ಹೊರಗೆ ಹೋಗುತ್ತದೆ. ಇದು ವ್ಯಾಕರಣದ ತಕರಾರಷ್ಟೇ ಎಂದು ದಯವಿಟ್ಟು ತಳ್ಳಿಹಾಕಬೇಡಿ. ಹಿನ್ನೀರು ಎಂಬ ಮಾತು ಕೇಳಿದವನು ಕೆರೆಯಂತೆ ನಿಶ್ಚಲವಾದ ನೀರನ್ನು ಕಲ್ಪಿಸಿಕೊಂಡು ದೋಣಿ ಹತ್ತುತ್ತಾನೆ. ಇಳಿತದ ಹೊತ್ತಿನಲ್ಲಿ ಅಳಿವೆ ಬಾಯಿಯ ಕಡೆಗೆ ನೀರು ಎಷ್ಟು ಬಿರುಸಾಗಿ ಎಳೆಯುತ್ತದೆ ಎಂಬ ಅರಿವು ಅವನಿಗೆ ಇರುವುದಿಲ್ಲ. ಅಲ್ಲದೆ ಹೊನ್ನಾವರ ಎಂಬ ಊರು ಹುಟ್ಟಿದ್ದೇ ಅಳಿವೆಯಿಂದ. ಕಡಲಿನ ಹಡಗು ಒಳಗೆ ಬಂದು ನಿಲ್ಲಬಹುದಾದ, ಘಟ್ಟದ ಮೆಣಸು ತೇಲಿ ಬಂದು ಸೇರಬಹುದಾದ ಜಾಗ ಅದು. ಹೆಸರು ತಪ್ಪಿದರೆ ಊರಿನ ಕಥೆಯ ಮೊದಲ ಸಾಲೇ ತಪ್ಪುತ್ತದೆ.

ಮೊದಲ ದಿನ ನಾವು ಹತ್ತಿದ ದೋಣಿ ಯಾರದೆಂದು ಇಲ್ಲಿ ಬರೆಯುವುದಿಲ್ಲ. ಒಬ್ಬರನ್ನು ದೂರುವುದು ನನ್ನ ಉದ್ದೇಶವಲ್ಲ. ದೋಣಿ ಅಚ್ಚುಕಟ್ಟಾಗಿತ್ತು, ಹುಡುಗರು ವಿನಯವಂತರಾಗಿದ್ದರು. ಆದರೆ ಮಕ್ಕಳ ಅಳತೆಯ ಲೈಫ್ ಜಾಕೆಟ್ ಇರಲಿಲ್ಲ. ದೊಡ್ಡವರದನ್ನೇ ಮೊಮ್ಮಗಳಿಗೆ ತೊಡಿಸಿದರು. ಅವಳು ಕೂತಾಗ ಅದರ ಕತ್ತು ಕಿವಿಯ ಮೇಲಕ್ಕೆ ಬಂತು, ಪಟ್ಟಿಯನ್ನು ಎಷ್ಟು ಬಿಗಿದರೂ ಬೆನ್ನ ಹಿಂದೆ ಒಂದು ಗೇಣು ಸಡಿಲ ಉಳಿಯಿತು. ನೀರಿಗೆ ಬಿದ್ದರೆ ಜಾಕೆಟ್ ತೇಲುತ್ತದೆ, ಮಗು ಅದರೊಳಗಿನಿಂದ ಜಾರುತ್ತದೆ ಎಂಬುದು ನನಗೆ ತಿಳಿದಿತ್ತು. ಆದರೂ ಎಲ್ಲರೂ ಹತ್ತಿ ಕೂತಾಗಿತ್ತೆಂದು ಸುಮ್ಮನಾದೆ. ಅದು ನನ್ನ ತಪ್ಪು. ದಾರಿಯುದ್ದಕ್ಕೂ ಅವಳ ತೋಳು ಹಿಡಿದುಕೊಂಡೇ ಕೂತಿದ್ದೆ. ಹೊಳೆ ನೋಡಿದ್ದು ಕಡಿಮೆ. ಇದೇ ಜಿಲ್ಲೆಯಲ್ಲಿ, 2019ರ ಜನವರಿಯಲ್ಲಿ, ಕಾರವಾರದ ಬಳಿ ಕೂರ್ಮಗಡದ ಜಾತ್ರೆಗೆ ಹೋಗಿ ಬರುತ್ತಿದ್ದ ದೋಣಿ ಮಗುಚಿ 16 ಜನ ಜೀವ ಕಳೆದುಕೊಂಡದ್ದನ್ನು ನಾವಾರೂ ಮರೆಯುವಂತಿಲ್ಲ.

ಆ ವಿಹಾರದಲ್ಲಿ ನಮಗೆ ತೋರಿಸಿದ್ದು ಕೊಂಕಣ ರೈಲಿನ ಸೇತುವೆಯನ್ನು. 2 ಕಿ.ಮೀ.ಗೂ ಉದ್ದವಾದ ಆ ಸೇತುವೆ ನಿಜಕ್ಕೂ ನೋಡುವಂಥದ್ದು; ಅದರಡಿ ಹಾದುಹೋಗುವಾಗ ಮೇಲೊಂದು ಗಾಡಿ ಸಾಗಿದರೆ ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಕೈಬೀಸುತ್ತಾರೆ. ಆಮೇಲೆ ಫೋಟೋ ತೆಗೆಯಲು ಎರಡು ಕಡೆ ನಿಲ್ಲಿಸಿದರು. ಅಲ್ಲಿಗೆ ವಿಹಾರ ಮುಗಿಯಿತು. ಇಷ್ಟಕ್ಕೇ ಜನ ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ ಬರುತ್ತಾರೆ, ಖುಷಿಯಾಗಿಯೇ ಹಿಂತಿರುಗುತ್ತಾರೆ. ಆದರೆ ತಾವು ಯಾವ ನೀರಿನ ಮೇಲೆ ತೇಲಿದೆವು ಎಂಬುದನ್ನು ತಿಳಿಯದೆ ಹಿಂತಿರುಗುತ್ತಾರೆ. ನನ್ನ ಅಳಲು ಇದೊಂದೇ.

ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತಾ 14ನೆಯ ಶತಮಾನದಲ್ಲಿ ಈ ಊರಿಗೆ ಬಂದಿದ್ದ. ಅವನ ಬರಹದಲ್ಲಿ ಇದು ‘ಹಿನಾವರ್’. ದೊಡ್ಡ ಹಡಗುಗಳು ಒಳಗೆ ಬರುವ ಅಳಿವೆಯ ಮೇಲಿನ ಪಟ್ಟಣ. ಇಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನೂ ಗಂಡುಮಕ್ಕಳಿಗೆ 23 ಶಾಲೆಗಳನ್ನೂ ಕಂಡೆನೆಂದು ಆತ ದಾಖಲಿಸಿದ್ದಾನೆ. ಜಮಾಲುದ್ದೀನ್ ಎಂಬ ಸುಲ್ತಾನನ ಮನೆಯಲ್ಲಿ ಉಂಡ ಊಟವನ್ನೂ ಬಿಡದೆ ಬಣ್ಣಿಸಿದ್ದಾನೆ: ಅನ್ನ, ಅದರ ಮೇಲೆ ತುಪ್ಪ, ಜೊತೆಗೆ ಉಪ್ಪಿನಲ್ಲಿ ಹಾಕಿದ ಮೆಣಸು, ಹಸಿಶುಂಠಿ, ನಿಂಬೆ, ಮಾವು, ಕೊನೆಗೆ ಮೊಸರು. ಇಲ್ಲಿದ್ದ 11 ತಿಂಗಳು ರೊಟ್ಟಿಯ ಮುಖ ಕಾಣಲಿಲ್ಲ, ಬರೀ ಅನ್ನವೇ ಎಂದೂ ಹೇಳುತ್ತಾನೆ. ಈ ಮಾತನ್ನು ಮೊಮ್ಮಗಳಿಗೆ ಹೇಳಿದಾಗ ಅವಳು ಮಧ್ಯಾಹ್ನ ಊಟದ ಎಲೆಯ ಮೇಲಿದ್ದ ಮಾವಿನಮಿಡಿ ಉಪ್ಪಿನಕಾಯಿಯನ್ನು ಎತ್ತಿ ಹಿಡಿದು, ‘ಇದನ್ನೇ ಅವನೂ ತಿಂದಿದ್ನಾ ಅಜ್ಜ?’ ಎಂದು ಕೇಳಿದಳು. ಮೂವತ್ತು ವರ್ಷ ತರಗತಿಯಲ್ಲಿ ನಿಂತು ಪಾಠ ಹೇಳಿದ ನನಗೆ, ಇತಿಹಾಸ ಒಂದು ಮಗುವಿನ ಕೈಗೆ ಸಿಗುವುದು ಹೀಗೆ ಎಂಬುದು ಚೆನ್ನಾಗಿ ಗೊತ್ತು.

ಅದರ ನಂತರದ ಕಥೆಯೂ ಇದೇ ನೀರಿನದು. ಪೋರ್ಚುಗೀಸರ ಬರಹಗಳಲ್ಲಿ ‘ತಿಮೋಜ’ ಎಂದು ಬರುವ ತಿಮ್ಮಯ್ಯ ಹೊನ್ನಾವರದ ಹಡಗುಗಳ ನಾಯಕ. 1510ರಲ್ಲಿ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ ಗೋವೆಯನ್ನು ಹಿಡಿಯಲು ನೆರವಾದವನು. ಹೊಳೆಯ ಮೇಲ್ದಂಡೆಯ ಗೇರುಸೊಪ್ಪೆಯಿಂದ ನಗಿರೆಯ ಸೀಮೆಯನ್ನು ಐದು ದಶಕಗಳಷ್ಟು ಕಾಲ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಆ ಮೆಣಸಿಗಾಗಿಯೇ 1569ರಲ್ಲಿ ಹೊನ್ನಾವರದ ಮೇಲೆ ಬಿದ್ದರು. 17ನೆಯ ಶತಮಾನದ ಆರಂಭದಲ್ಲಿ ಅವಳ ರಾಜ್ಯ ಕೆಳದಿಯ ವೆಂಕಟಪ್ಪ ನಾಯಕನ ವಶವಾಯಿತು. ವೆಂಕಟಪ್ಪ ನಾಯಕ ನಮ್ಮವನು. ಅವನ ಇಕ್ಕೇರಿ ಸಾಗರ ಪೇಟೆಯ ಹತ್ತಿರವೇ ಇದೆ. ನಮ್ಮವನ ಗೆಲುವಿನಿಂದ ಗೇರುಸೊಪ್ಪೆ ಹಾಳುಬಿದ್ದಿತು ಎಂಬುದನ್ನು ನಾನು ತರಗತಿಯಲ್ಲಿ ಎಂದೂ ಮರೆಮಾಚಿದವನಲ್ಲ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವೆಯಿಂದ ಹೊನ್ನಾವರಕ್ಕೆ ಬಂದು, ದೋಣಿಯಲ್ಲಿ ಈ ಹೊಳೆಯನ್ನೇರಿ ಗೇರುಸೊಪ್ಪೆ ತಲುಪಿ, ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಹೊಳೆಯ ಚೆಲುವನ್ನು ಮನಸಾರೆ ಮೆಚ್ಚಿ ಬರೆದ. ಒಂದು ಕಾಲಕ್ಕೆ ರಾಣಿಯ ನೆಲೆಯಾಗಿದ್ದ ಪಟ್ಟಣ ಗಿಡಮರಗಳ ನಡುವೆ ಹಾಳಾಗಿ ಬಿದ್ದಿದ್ದನ್ನೂ ಬರೆದ. ನಾನು ಸಾಗರದಿಂದ ಮಾವಿನಗುಂಡಿ, ಮಲೆಮನೆ ಘಟ್ಟ ಇಳಿದು ಬಸ್ಸಿನಲ್ಲಿ ಬಂದದ್ದು ಹೆಚ್ಚುಕಡಿಮೆ ಅವನ ದಾರಿಯನ್ನೇ ಹಿಂದುಮುಂದಾಗಿ.

ಬ್ರಿಟಿಷರ ಕಾಲದಲ್ಲಿಯೂ ಜೋಗಕ್ಕೆ ಹೋಗುವವರು ಹಡಗಿನಲ್ಲಿ ಹೊನ್ನಾವರಕ್ಕೆ ಬಂದು, ದೋಣಿಯಲ್ಲಿ ಗೇರುಸೊಪ್ಪೆಗೆ ಹೋಗಿ, ಅಲ್ಲಿಂದ ಘಟ್ಟ ಹತ್ತುತ್ತಿದ್ದರು. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಜೋಗಕ್ಕೆ ‘ಗೇರುಸೊಪ್ಪೆ ಜಲಪಾತ’ ಎಂಬ ಹೆಸರಿದೆ. ಪ್ರವಾಸಿಗರನ್ನು ಸಾಗಿಸುವ ವಿದ್ಯೆ ಈ ಹೊಳೆಗೆ ಹೊಸದಲ್ಲ.

ಎರಡನೆಯ ದಿನ ನಮಗೆ ಬೇರೆ ದೋಣಿ ಸಿಕ್ಕಿತು, ಚಿಕ್ಕದು. ದೋಣಿಯವರು ಎಪ್ಪತ್ತರ ಆಸುಪಾಸಿನವರು. ನಾನು ಶಿಕ್ಷಕನೆಂದು ತಿಳಿದ ಮೇಲೆ ‘ಮಾಸ್ತರ್ರೇ’ ಎಂದೇ ಮಾತನಾಡಿಸಿದರು (ನಮ್ಮ ಕಡೆಯ ಮೇಷ್ಟ್ರು ಘಟ್ಟ ಇಳಿದರೆ ಮಾಸ್ತರರಾಗುತ್ತಾರೆ). ತಮ್ಮ ತಂದೆ ಗೇರುಸೊಪ್ಪೆಯವರೆಗೆ ಸರಕು ಹೇರಿಕೊಂಡು ಹೋಗುತ್ತಿದ್ದುದನ್ನು ನೆನೆದು, ‘ನೀರು ಏರೂ ಹೊತ್ತಿಗೆ ಹೊರಟ್ರೆ ಅರ್ಧ ಕೆಲ್ಸ ಹೊಳೆನೇ ಮಾಡ್ತದೆ ಮಾಸ್ತರ್ರೇ, ನಾವು ಹುಟ್ಟು ಹಾಕೂದು ಉಳಿದರ್ಧಕ್ಕೆ’ ಎಂದರು. ಇಬ್ನ್ ಬತೂತಾನ ಹೆಸರು ಅವರಿಗೆ ಗೊತ್ತಿರಲಿಲ್ಲ. ಆದರೆ ಉಬ್ಬರದ ನೀರು ಯಾವ ಕುದುರಿನ (ಹೊಳೆಯ ನಡುವಿನ ನಡುಗಡ್ಡೆಯ) ಯಾವ ಪಕ್ಕದಿಂದ ಮೊದಲು ನುಗ್ಗುತ್ತದೆ, ಎಲ್ಲಿ ಮರಳು ಕೂತು ಹೊಳೆ ತೆಳುವಾಗಿದೆ, ಯಾವ ದಿಬ್ಬದ ಮೇಲೆ ಕೋಟೆಯ ಕಲ್ಲುಗಳಿದ್ದವು ಎಂಬುದೆಲ್ಲ ಬಾಯಿಪಾಠವಾಗಿತ್ತು.

ಅವರು ದೋಣಿಯನ್ನು ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸಂದಿಗೆ ತಂದು ಇಂಜಿನ್ ನಿಲ್ಲಿಸಿದರು. ಕೊಂಬೆಯಲ್ಲಿ ನುಗ್ಗೆಕಾಯಿಯಂತೆ ಹಸಿರಾದ ಉದ್ದನೆಯ ಕಡ್ಡಿಗಳು ನೇತಾಡುತ್ತಿದ್ದವು. ಒಂದನ್ನು ಮುಟ್ಟಿ ತೋರಿಸಿ, ಇದು ಕಾಯಿಯಲ್ಲ, ಸಸಿ ಎಂದರು. ಬೀಜ ಮರದಲ್ಲಿರುವಾಗಲೇ ಮೊಳೆತು ಹೀಗೆ ಚೂಪಾಗಿ ಬೆಳೆದು, ಇಳಿತದ ಹೊತ್ತಿನಲ್ಲಿ ಕಳಚಿಬಿದ್ದರೆ ಕೆಸರಿನಲ್ಲಿ ನೆಟ್ಟಗೆ ನಾಟಿಕೊಳ್ಳುತ್ತದೆ; ನೀರು ತುಂಬಿರುವಾಗ ಬಿದ್ದರೆ ತೇಲುತ್ತಾ ಬೇರೆ ದಡ ಹುಡುಕಿಕೊಳ್ಳುತ್ತದೆ. ಸ್ವಲ್ಪ ದೂರದಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಇಬ್ಬರು ಹೆಂಗಸರು ಬಳಚು, ಅಂದರೆ ತಿನ್ನುವ ಚಿಪ್ಪುಮೀನು, ಆಯುತ್ತಿದ್ದರು. ಕಾಲಿನಿಂದ ಕೆಸರು ತಡವುವುದು, ಚಿಪ್ಪು ತಗುಲಿದರೆ ಮುಳುಗಿ ತೆಗೆದು ಪಕ್ಕದಲ್ಲಿ ತೇಲುತ್ತಿದ್ದ ಪಾತ್ರೆಗೆ ಹಾಕುವುದು. ಮೊದಲಿನಷ್ಟು ಸಿಗುವುದಿಲ್ಲ ಎಂದು ದೋಣಿಯವರು ಹೇಳಿದರು. ಲಿಂಗನಮಕ್ಕಿಯ ನೀರಿನಿಂದ ನಡೆಯುವ ವಿದ್ಯುದಾಗಾರದಿಂದ ಬೇಸಿಗೆಯಲ್ಲೂ ಸಿಹಿನೀರು ಹರಿದು ಬರುವುದರಿಂದ ಶರಾವತಿಯ ಅಳಿವೆಯಲ್ಲಿ ಉಪ್ಪಿನಂಶ ಕುಗ್ಗಿದೆ. ಅಣೆಕಟ್ಟಿಲ್ಲದ ಪಕ್ಕದ ಅಘನಾಶಿನಿಯಲ್ಲಿ ಬಳಚು ಇನ್ನೂ ಹುಲುಸಾಗಿರುವುದಕ್ಕೂ ಇಲ್ಲಿ ವಿರಳವಾಗಿರುವುದಕ್ಕೂ ಇದೇ ವ್ಯತ್ಯಾಸ. ನನ್ನ ತಾಯಿಯ ತವರನ್ನು ಮುಳುಗಿಸಿದ ಆ ನೀರೇ ಇಲ್ಲಿ ಈ ತಾಯಂದಿರ ಪಾತ್ರೆಯನ್ನೂ ಬರಿದು ಮಾಡುತ್ತಿದೆ ಎಂಬುದು ನನಗೆ ಅಲ್ಲಿ, ಆ ದೋಣಿಯಲ್ಲಿ ಕೂತಾಗಲೇ ಹೊಳೆದದ್ದು. ಅಳಿವೆ ಮತ್ತು ಹಿನ್ನೀರು ಬೇರೆಬೇರೆ ಎಂದು ಹಟ ಹಿಡಿದಿದ್ದ ನಾನು, ಅವೆರಡರ ನಡುವಿನ ನಂಟನ್ನು ಆ ಹಿರಿಯರಿಂದ ಕಲಿತೆ.

ಮಾನ್ಯರೇ, ಎರಡೂ ದಿನ ಹೊಳೆ ಅದೇ, ಬಿಸಿಲು ಅದೇ. ವ್ಯತ್ಯಾಸವಿದ್ದದ್ದು ದೋಣಿಯಲ್ಲಿದ್ದ ಮನುಷ್ಯನಲ್ಲಿ. ಹೊನ್ನಾವರದಲ್ಲಿ ಪ್ರವಾಸಕ್ಕೆಂದು ಖರ್ಚು ಮಾಡಲು ಹಣವಿದ್ದರೆ ಅದರ ಮೊದಲ ಪಾಲು ಇಂಥ ಮನುಷ್ಯರಿಗೆ ಸಲ್ಲಬೇಕು, ಕಾಂಕ್ರೀಟಿಗೆ ಆಮೇಲೆ. ಅಂಬಿಗರ, ಖಾರ್ವಿಗಳ, ಮೊಗೇರರ ಮನೆಗಳಲ್ಲಿ ಹೊಳೆಯನ್ನು ಬಲ್ಲ ಹಿರಿಯರು ಈಗಲೂ ಇದ್ದಾರೆ. ಮಳೆಗಾಲದಲ್ಲಿ, ದೋಣಿಗಳು ದಡದಲ್ಲಿರುವ ತಿಂಗಳುಗಳಲ್ಲಿ, ಅವರನ್ನೂ ಈಗ ದೋಣಿ ನಡೆಸುತ್ತಿರುವ ಹುಡುಗರನ್ನೂ ಒಂದು ಕಡೆ ಕೂರಿಸಿ. ಹಿರಿಯರು ಹೊಳೆ ಕಲಿಸಲಿ, ಊರಿನ ಶಿಕ್ಷಕರು ಇತಿಹಾಸ ಹೇಳಲಿ, ಅರಣ್ಯದವರು ಕಾಂಡ್ಲಾದ ಪಾಠ ಮಾಡಲಿ. ಕಲಿಸುವ ಹಿರಿಯರಿಗೆ ಗೌರವಧನ ಕೊಡಿ. ಕಲಿತು ಬಂದ ಹುಡುಗನಿಗೆ ಗುರುತಿನ ಚೀಟಿ ಕೊಟ್ಟು, ಅವನು ಕಥೆ ಹೇಳುವ ವಿಹಾರಕ್ಕೆ ಹೆಚ್ಚಿನ ದರ ನಿಗದಿ ಮಾಡಿ. ಜನ ಆ ಹೆಚ್ಚಿನ ಹಣವನ್ನು ಸಂತೋಷದಿಂದ ಕೊಡುತ್ತಾರೆ, ನಾನಂತೂ ಕೊಡುತ್ತೇನೆ.

ದೋಣಿ ಹತ್ತುವ ಪ್ರತಿಯೊಂದು ಜಾಗದಲ್ಲಿ ಒಂದು ಕಪ್ಪು ಹಲಗೆ ಬೇಕು. ಅದರಲ್ಲಿ ಆ ದಿನದ ಉಬ್ಬರ, ಇಳಿತದ ಸಮಯ, ದೋಣಿಗೆ ಎಷ್ಟು ಜನ, ತಲಾ ಎಷ್ಟು ದರ ಎಂಬುದನ್ನು ಕನ್ನಡದಲ್ಲಿ ಸೀಮೆಸುಣ್ಣದಿಂದ ಬರೆದರೆ ಸಾಕು. ಮಕ್ಕಳ ಅಳತೆಯ ಜಾಕೆಟ್ ಇಲ್ಲದ ದೋಣಿ ಮಗುವನ್ನು ಹತ್ತಿಸಿಕೊಳ್ಳಬಾರದು. ಇದರಲ್ಲಿ ರಿಯಾಯಿತಿ ಬೇಡ.

ಗೇರುಸೊಪ್ಪೆಯವರೆಗಿನ ದೋಣಿಯ ದಾರಿಯನ್ನು ಮತ್ತೆ ತೆರೆಯಬೇಕೆಂಬುದು ನನ್ನ ದೊಡ್ಡ ಕೋರಿಕೆ. ರಸ್ತೆಯಲ್ಲಿ ಅದು ಸುಮಾರು 30 ಕಿ.ಮೀ.; ರಾಷ್ಟ್ರೀಯ ಹೆದ್ದಾರಿ 69ರಲ್ಲಿ ಹೋಗುವ ಕಾರಿನವರು ಮುಕ್ಕಾಲು ತಾಸಿನಲ್ಲಿ ದಾಟಿಬಿಡುತ್ತಾರೆ, ಬಲಕ್ಕೋ ಎಡಕ್ಕೋ ಹೊಳೆ ಇಣುಕಿದ್ದೂ ಅವರ ಗಮನಕ್ಕೆ ಬರುವುದಿಲ್ಲ. ನೀರಿನ ಮೇಲೆ ಹೋದರೆ ತೆಂಗಿನ ತೋಟಗಳ ಕುದುರುಗಳು, ಹಳೆಯ ಯಕ್ಷಶಿಲ್ಪಗಳು ಸಿಕ್ಕ ಹೈಗುಂದ, ಆಮೇಲೆ ಎರಡೂ ಕಡೆಯಿಂದ ಒತ್ತಿ ಬರುವ ಕಾಡು, ಕೊನೆಗೆ ಗೇರುಸೊಪ್ಪೆ. ದಡ ಹತ್ತಿ ಕಾಡಿನೊಳಗೆ ನಡೆದರೆ ನಗರಬಸ್ತಿಕೇರಿಯ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಬಾಗಿಲಲ್ಲಿ ನಿಂತರೂ ಒಳಗಿನ ತೀರ್ಥಂಕರರು ನಿಮ್ಮತ್ತಲೇ ಮುಖಮಾಡಿ ಕೂತಿದ್ದಾರೆ. ಮೆಣಸಿನ ವ್ಯಾಪಾರದಿಂದ ಬೆಳೆದ ಒಂದು ರಾಜಧಾನಿ ಹೇಗಿದ್ದಿರಬಹುದು ಎಂಬುದನ್ನು ಆ ಕಲ್ಲುಗಳ ನಡುವೆ ನಿಂತಲ್ಲದೆ ಊಹಿಸಲಾಗದು, ಮತ್ತು ಅಲ್ಲಿಗೆ ಹೊಳೆಯಲ್ಲೇ ಬಂದವನಿಗೆ ಅದು ಆ ಜಾಗದಲ್ಲಿ ಏಕಿದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದು ಸುಲಭವೆಂದು ನಾನು ಹೇಳುತ್ತಿಲ್ಲ. ವಿದ್ಯುದಾಗಾರದಿಂದ ನೀರು ಬಿಟ್ಟಂತೆ ಮೇಲ್ಭಾಗದ ಹೊಳೆಯ ಮಟ್ಟ ಏರಿಳಿಯುತ್ತದೆ. ನೀರು ಬಿಡುವ ಹೊತ್ತನ್ನು ಮುಂಚಿತವಾಗಿ ದೋಣಿಯವರಿಗೆ ತಿಳಿಸುವ ಏರ್ಪಾಟಿಲ್ಲದೆ ಒಂದು ದೋಣಿಯೂ ಹೋಗಕೂಡದು. ತಳ ಚಪ್ಪಟೆಯಾದ ಚಿಕ್ಕ ದೋಣಿಗಳೇ ಆಗಬೇಕು. ನವೆಂಬರಿನಿಂದ ಫೆಬ್ರವರಿಯವರೆಗೆ, ವಾರಕ್ಕೆ ಎರಡು ದಿನ, ಉಬ್ಬರದೊಂದಿಗೆ ಹೊರಟು ಇಳಿತದೊಂದಿಗೆ ಮರಳುವಂತೆ ಮಾಡಿದರೆ ಮೊದಲ ವರ್ಷಕ್ಕೆ ಅಷ್ಟು ಸಾಕು. ಬಸದಿಯ ಸುತ್ತ ತಿಂಡಿ ಅಂಗಡಿಗಳ ಸಾಲು ಬೇಡ. ಕಡಲಿನ ನಡುವಿನ ಬಸವರಾಜ ದುರ್ಗದ ವಿಷಯದಲ್ಲಿಯೂ ನನ್ನ ಮಾತು ಇದೇ: ಕೆಳದಿ ಅರಸರ ಆ ಚಿರೆಕಲ್ಲಿನ ಕೋಟೆಗೆ ಸಮುದ್ರ ಶಾಂತವಾಗಿರುವ ದಿನಗಳಲ್ಲಿ, ಎಣಿಸಿದಷ್ಟೇ ಜನ, ಬಲ್ಲವರೊಂದಿಗೆ ಹೋಗಲಿ.

ಹೊಳೆಯ ಮೇಲೆ ಮೊದಲ ಹಕ್ಕು ಅಲ್ಲಿ ದುಡಿದು ತಿನ್ನುವವರದು. ಬಲೆ ಬೀಸಿದ ಕಡೆ, ಬಳಚು ಆಯುವ ಕಡೆ ವಿಹಾರದ ದೋಣಿ ದೂರ ಸರಿದು ಹೋಗಬೇಕು. ಆ ಹೆಂಗಸರ ಹತ್ತಿರದಲ್ಲೇ ಒಂದು ವೇಗದ ದೋಣಿ ಹಾದುಹೋದಾಗ ಅವರ ಪಾತ್ರೆ ತೆರೆಗೆ ಮಗುಚಿಬಿತ್ತು. ಅವರು ಏನನ್ನೂ ಅನ್ನದೆ ಮತ್ತೆ ಮುಳುಗಿದರು. ಕಾಂಡ್ಲಾದ ಸಂದುಗಳಲ್ಲಿ ಇಂಜಿನ್ ಬೇಡ, ಹುಟ್ಟು ಸಾಕು. ಕಯಾಕ್ ನಡೆಸುವ ಎಳೆಯರಿಗೆ ಆ ಸಂದುಗಳಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಹೊನ್ನಾವರದ ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ, ಸ್ವಚ್ಛ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಬಂದಾಗ ಘಟ್ಟದ ಮೇಲಿನ ನಾವೂ ಹೆಮ್ಮೆಪಟ್ಟೆವು. ಆದರೆ ಅದೇ ಮರಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮರಿಗಳು ಬೆಳಕಿನ ಕಡೆಗೆ ತೆವಳುವುದರಿಂದ, ದಡದಲ್ಲಿ ದೀಪ ಉರಿಯುತ್ತಿದ್ದರೆ ಅವು ಸಮುದ್ರ ಬಿಟ್ಟು ರಸ್ತೆಯತ್ತ ಬರುತ್ತವೆ. ಆ ತಿಂಗಳುಗಳಲ್ಲಿ ರಾತ್ರಿ ದೀಪ ಆರಿಸುವುದು ಪ್ರವಾಸಿಗನಿಗೆ ನಷ್ಟವಲ್ಲ. ಏಕೆ ಕತ್ತಲೆ ಎಂದು ಹೇಳಿದರೆ ಅವನೂ ಉಸಿರು ಬಿಗಿಹಿಡಿದು ಕಾಯುತ್ತಾನೆ.

ದೋಣಿಯವರ ಕೈಗೆ ಕೊಡಲು ಕನ್ನಡದಲ್ಲಿ ಹದಿನಾರು ಪುಟದ ಒಂದು ಪುಸ್ತಿಕೆ ಬೇಕಾಗುತ್ತದೆ. ಸಂಭಾವನೆಯಿಲ್ಲದೆ ಅದನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ. ಹೊನ್ನಾವರದ ಬಲ್ಲವರು ತಿದ್ದಿಕೊಟ್ಟರೆ ಸಾಕು. 1783ರಲ್ಲಿ ಇಂಗ್ಲಿಷರು ಕೋಟೆ ಹಿಡಿದು, ಟಿಪ್ಪುವಿನ ಸೈನ್ಯ ಸುತ್ತುಗಟ್ಟಿದ ಮೇಲೂ ಮರುವರ್ಷದ ಒಪ್ಪಂದದವರೆಗೆ ಅದರೊಳಗೇ ಉಳಿದ ಸಂಗತಿಯಂಥ ಇನ್ನೂ ಹಲವನ್ನು ಈ ಪತ್ರದಲ್ಲಿ ಬಿಟ್ಟಿದ್ದೇನೆ. ಅವಕ್ಕೆಲ್ಲ ಅಲ್ಲಿ ಜಾಗ ಸಿಗಲಿ.

ಬರುವ ನವೆಂಬರಿನಲ್ಲಿ ನಾನು ಮತ್ತೆ ಘಟ್ಟ ಇಳಿಯುತ್ತೇನೆ. ಗೇರುಸೊಪ್ಪೆಗೆ ಹೊಳೆಯಲ್ಲೇ ಕರೆದುಕೊಂಡು ಹೋಗುತ್ತೇನೆ ಎಂದು ಮೊಮ್ಮಗಳಿಗೆ ಮಾತು ಕೊಟ್ಟಿದ್ದೇನೆ. ಉಬ್ಬರ ಎಷ್ಟು ಹೊತ್ತಿಗೆ ಎಂದು ಅವಳು ಈಗಲೇ ಕೇಳುತ್ತಿದ್ದಾಳೆ.

ಇಂತಿ ತಮ್ಮ ವಿಶ್ವಾಸಿ,
ಸಾಗರ ತಾಲ್ಲೂಕಿನ ಒಬ್ಬ ನಿವೃತ್ತ ಶಿಕ್ಷಕ